ಕೇಂದ್ರ ಬ್ಯಾಂಕಿನ ಹಿರಿಯರು ಒಟ್ಟಿಗೆ ನಿವೃತ್ತರಾದಾಗ

ಪ್ರಶ್ನೆ: ಕೇಂದ್ರ ಬ್ಯಾಂಕೊಂದರಲ್ಲಿ ಒಂದೇ ವರ್ಷ ಹಲವು ಹಿರಿಯ ಅಧಿಕಾರಿಗಳು ನಿವೃತ್ತರಾಗಿ, ಕೆಳಗಿನ ಹಂತದವರು ಸಾಲಾಗಿ ಬಡ್ತಿ ಪಡೆದರೆ, ಹಣಕಾಸು ನೀತಿಯ ನಿರಂತರತೆಗೆ ಧಕ್ಕೆ ಬರುವುದಿಲ್ಲವೇ? ಬಡ್ತಿಗೆ ಸೇವಾ ಹಿರಿತನವೊಂದೇ ಸಾಕೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನೀತಿ ನಿರ್ಧರಿಸುವವರ ಮಟ್ಟದಲ್ಲಿ ಈ ಅಪಾಯವನ್ನು ಕಾನೂನೇ ತಗ್ಗಿಸುತ್ತದೆ. ಅಮೆರಿಕದ ಫೆಡರಲ್ ರಿಸರ್ವ್ ಆಡಳಿತ ಮಂಡಳಿಯ 7 ಸದಸ್ಯರ ಪೂರ್ಣಾವಧಿ 14 ವರ್ಷ. ಎರಡು ವರ್ಷಕ್ಕೊಂದರಂತೆ ಮುಗಿಯುವ ಹಾಗೆ ಅವನ್ನು ಜೋಡಿಸಿರುವುದರಿಂದ ಎಲ್ಲರ ಅವಧಿಯೂ ಒಮ್ಮೆಲೇ ತೀರುವುದಿಲ್ಲ. ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಕಾರ್ಯಕಾರಿ ಮಂಡಳಿಯವರಿಗೆ 8 ವರ್ಷ, ಮರುನೇಮಕವಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನಲ್ಲಿ 1934ರ ಕಾಯ್ದೆಯಂತೆ ಡೆಪ್ಯುಟಿ ಗವರ್ನರುಗಳು ನಾಲ್ವರನ್ನು ಮೀರುವಂತಿಲ್ಲ; ಅವರಲ್ಲಿ ಇಬ್ಬರು ಒಳಗಿನಿಂದಲೇ ಬಡ್ತಿ ಪಡೆದು ಬರುವುದು ರೂಢಿ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ನನ್ನ ಆತಂಕ ಮಂಡಳಿಯ ಕೆಳಗಿನ ಹಂತದ್ದು. ಇಂಥ ಸಂಸ್ಥೆಯೊಂದರಲ್ಲಿ ದುಡಿದವನು ನಾನು. ನಮ್ಮ ಮೇಲ್ವಿಚಾರಣಾ ವಿಭಾಗದ ಹಿರಿಯರೊಬ್ಬರು ನಿವೃತ್ತಿಯ ದಿನ ಕಡತಗಳ ಪಟ್ಟಿಗೆ ಸಹಿ ಹಾಕಿ, ಬೀರುವಿನ ಕೀಲಿಕೈಯೊಂದಿಗೆ ಒಪ್ಪಿಸಿದರು. ಆದರೆ ತೊಂದರೆಯಲ್ಲಿರುವ ಬ್ಯಾಂಕಿನ ಲೆಕ್ಕಪತ್ರದಲ್ಲಿ ಯಾವ ಬಾಬ್ತನ್ನು ಮೊದಲು ಅನುಮಾನಿಸಬೇಕೆಂಬ ಅವರ ತಿಳಿವಳಿಕೆ ಯಾವ ಕಡತದಲ್ಲೂ ಇರಲಿಲ್ಲ. ನಿವೃತ್ತಿಯ ದಿನಾಂಕ ವರ್ಷಗಳ ಮೊದಲೇ ಗೊತ್ತಿರುವಾಗ, ಉತ್ತರಾಧಿಕಾರಿಯನ್ನು ಕೆಲವು ತಿಂಗಳು ಮುಂಚೆಯೇ ಅವರ ಪಕ್ಕದಲ್ಲಿ ಕೂರಿಸಬೇಕಿತ್ತು.

ಉತ್ತರ 3: ಹಿರಿತನವನ್ನು ಪೂರ್ತಿ ಬದಿಗೊತ್ತಿದರೆ ಪಕ್ಷಪಾತದ ಶಂಕೆ ಹುಟ್ಟುತ್ತದೆ. ಆದರೂ ವಿದೇಶಿ ವಿನಿಮಯ, ನೋಟು ನಿರ್ವಹಣೆ, ಮೇಲ್ವಿಚಾರಣೆ ಈ ಮೂರರಲ್ಲಿ ಕನಿಷ್ಠ ಎರಡು ವಿಭಾಗಗಳಲ್ಲಿ ಪಳಗಿದವರಿಗೇ ಮೇಲಿನ ಹುದ್ದೆ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.