ಮರದ ಪೀಠೋಪಕರಣಗಳ ಮೇಲಿನ ಬೆಳಕು: ‘ಬೆಚ್ಚನೆಯ ಬೆಳಕು’, ‘ಹೊಳಪು’, ‘ಓರೆಬೆಳಕು’ ಪದಗಳ ಬಳಕೆ

ಮಾನ್ಯರೇ,

ಮರದ ಪೀಠೋಪಕರಣಗಳ ಅಂದವು ಎದ್ದು ಕಾಣುವಂತೆ ಮನೆಯೊಳಗೆ ದೀಪಗಳನ್ನು ಜೋಡಿಸುವ ಬಗೆಯನ್ನು ವಿವರಿಸುವ ಕಿರುಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದು, ಕೆಲವು ಪದಗಳ ಬಗ್ಗೆ ತಮ್ಮ ಅಭಿಪ್ರಾಯವನ್ನು ಕೋರುತ್ತೇನೆ.

ಹಳದಿ ಛಾಯೆಯ ಬಿಳಿ ಬೆಳಕಿಗೆ ದೀಪದ ಪೆಟ್ಟಿಗೆಯ ಮೇಲೆ ‘ವಾರ್ಮ್ ವೈಟ್’ ಎಂದಿರುತ್ತದೆ. ಕನ್ನಡ ಬರಹಗಳಲ್ಲಿ ಅದು ‘ಬೆಚ್ಚನೆಯ ಬೆಳಕು’ ಆಗುತ್ತದೆ. ತೇಗ, ಬೀಟೆ ಮುಂತಾದ ಮರಗಳ ಕಂದು ಮತ್ತು ಕೆಂಪು ಛಾಯೆಗಳಿಗೆ ಕಳೆ ತರುವುದು ಸುಮಾರು 2700ರಿಂದ 3000 ಕೆಲ್ವಿನ್ ವರ್ಣತಾಪದ (ಬೆಳಕಿನ ಛಾಯೆಯನ್ನು ಕೆಲ್ವಿನ್ ಎಂಬ ತಾಪಮಾನದ ಏಕಮಾನದಲ್ಲಿ ಸೂಚಿಸುವ ಅಳತೆಯ) ಈ ಬೆಳಕೇ. ಆದರೆ ‘ಬೆಚ್ಚನೆ’ ಎಂಬುದು ನಮ್ಮಲ್ಲಿ ಮೈಗೆ ತಾಕುವ ಕಾವನ್ನು ಹೇಳುವ ಮಾತಾದ್ದರಿಂದ, ಅಂತಹ ದೀಪವು ಹೆಚ್ಚು ಬಿಸಿಯಾಗಿ ಮರವನ್ನು ಒಣಗಿಸೀತೆಂದು ಓದುಗರು ಭಾವಿಸುವ ಸಾಧ್ಯತೆಯಿದೆ. ಇದಕ್ಕಿಂತ ದೊಡ್ಡ ತೊಡಕು ಅಂಕಿಯದು: ‘ತಣ್ಣನೆಯ’ ಎನ್ನಿಸಿಕೊಳ್ಳುವ ನೀಲಿ ಛಾಯೆಯ ಬೆಳಕಿಗೆ 6500 ಕೆಲ್ವಿನ್ ಎಂದು ಬರೆದಿರುವುದರಿಂದ, ಹೆಚ್ಚು ತಾಪದ್ದು ತಣ್ಣಗೆ, ಕಡಿಮೆ ತಾಪದ್ದು ಬೆಚ್ಚಗೆ ಎಂಬ ವಿರೋಧವನ್ನು ಪ್ರತಿ ಸಲವೂ ಬಿಡಿಸಿ ಹೇಳಬೇಕಾಗುತ್ತದೆ. ಬಣ್ಣವನ್ನೇ ಹೇಳುವ ‘ಹೊಂಬೆಳಕು’ ಮತ್ತು ‘ನೀಲಿಬಿಳಿ ಬೆಳಕು’ ಈ ಗೊಂದಲವನ್ನು ತಪ್ಪಿಸುತ್ತವೆ ಎಂಬುದು ನನ್ನ ನಿಲುವು. ‘ಹೊಂಬೆಳಕು’ ಕಾವ್ಯದಲ್ಲಿ ಮುಂಜಾವಿನ ವರ್ಣನೆಗೆ ಸಲ್ಲುವ ಪದವಾದರೂ, ಗದ್ಯದಲ್ಲಿ ಅದು ಅಸಹಜವೆನಿಸುವುದಿಲ್ಲ.

ವರ್ಣತಾಪ ಸರಿಯಿದ್ದ ಮಾತ್ರಕ್ಕೆ ಮರದ ನಿಜಬಣ್ಣ ಕಾಣುವುದಿಲ್ಲ. ವಸ್ತುವಿನ ಬಣ್ಣವನ್ನು ದೀಪವು ಎಷ್ಟು ಯಥಾವತ್ತಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ (ಕಲರ್ ರೆಂಡರಿಂಗ್ ಇಂಡೆಕ್ಸ್) ಎಂಬ ಅಳತೆಯಿದೆ. ಅದು ಎಂಟು ಮಾದರಿ ಬಣ್ಣಗಳಿಗೆ ದೊರೆತ ಅಂಕಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಸೇರಿಲ್ಲವಾದ್ದರಿಂದ, ಗಾಢ ಕೆಂಪಿಗೆಂದೇ ಇರುವ ಆರ್9 ಎಂಬ ಬೇರೆ ಅಂಕಿಯನ್ನು ನೋಡದೆ ಕೆಂಗಂದು ಮರಕ್ಕೆ ದೀಪ ಆರಿಸುವುದು ಸರಿಯಲ್ಲ. ಬಣ್ಣವನ್ನು ಯಥಾವತ್ತಾಗಿ ತೋರಿಸುವ ಗುಣವನ್ನು ‘ವರ್ಣನಿಷ್ಠೆ’ ಎಂದರೆ ಜಾತಿಯ ಅರ್ಥವೂ ಇಣುಕುತ್ತದೆ. ‘ಬಣ್ಣನಿಷ್ಠೆ’ ಎಂದರೆ ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಬೆರೆಸಿದ ಅರಿಸಮಾಸವೆಂಬ ಆಕ್ಷೇಪ ಬರಬಹುದು. ‘ಬಣ್ಣದ ತೋರಿಕೆ’ ಸರಳವೇನೋ ಹೌದು, ಆದರೆ ‘ತೋರಿಕೆ’ಗೆ ಸೋಗು ಎಂಬ ಅರ್ಥವೂ ಅಂಟಿಕೊಂಡಿದೆ.

‘ಹೊಳಪು’ ಎಂಬುದನ್ನು ದೀಪದ ಪ್ರಖರತೆಗೂ ಪಾಲಿಶ್ ಮಾಡಿದ ಮರದ ಮಿರುಗಿಗೂ ಬಳಸುತ್ತಾರೆ. ‘ಹೊಳಪು ಕಡಿಮೆ ಮಾಡಿ’ ಎಂದರೆ ದೀಪವನ್ನು ಮಂದಗೊಳಿಸಬೇಕೋ, ಮೇಲ್ಮೈಯನ್ನು ಮ್ಯಾಟ್ ಮಾಡಿಸಬೇಕೋ ತಿಳಿಯದು. ಮೇಲ್ಮೈಗೆ ‘ಹೊಳಪು’, ದೀಪಕ್ಕೆ ‘ಪ್ರಖರತೆ’ ಎಂದು ಕಟ್ಟುನಿಟ್ಟಾಗಿ ಬೇರ್ಪಡಿಸಿದರೆ ಸಾಕು.

ಕೊನೆಯದು, ಮೇಲ್ಮೈಗೆ ಬಹುತೇಕ ಸಮಾಂತರವಾಗಿ ಹಾಯುವ ಬೆಳಕು. ನೇರವಾಗಿ ಎದುರಿನಿಂದ ಬೀಳುವ ಬೆಳಕಿನಲ್ಲಿ ಕೆತ್ತನೆಯು ಚಪ್ಪಟೆಯಾಗಿ ಕಂಡರೆ, ಈ ಬೆಳಕಿನಲ್ಲಿ ಪ್ರತಿಯೊಂದು ಉಬ್ಬು, ತಗ್ಗು, ಉಳಿಯ ಗುರುತು ತನ್ನ ಪುಟ್ಟ ನೆರಳಿನೊಡನೆ ಮೇಲೆದ್ದು ತೋರುತ್ತದೆ. ನುಣುಪಾದ ಮೇಜಿನ ಮೇಲಾದರೆ ಗೀರುಗಳೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ‘ಓರೆಬೆಳಕು’ ಎಂದರೆ ಯಾವ ಕೋನದಲ್ಲಿ ವಾಲಿದ ಬೆಳಕೂ ಆದೀತು. ಮೇಲ್ಮೈಯನ್ನು ಸೋಕಿಕೊಂಡೇ ಹೋಗುವ ಗುಣವನ್ನು ಹೇಳಲು ‘ಸವರುಬೆಳಕು’ ಎಂಬ ರೂಪ ಹೊಳೆದಿದೆ. ‘ಸವರು’ ಕ್ರಿಯಾಪದಕ್ಕೆ ಕತ್ತರಿಸು, ನಾಶಮಾಡು ಎಂಬ ಅರ್ಥಗಳೂ ಇರುವುದರಿಂದ ಈ ಸಮಾಸವು ತಮ್ಮ ಕಿವಿಗೆ ಹಿತವೆನಿಸುವುದೇ, ಅಥವಾ ಬಡಗಿಗಳ, ಕೆತ್ತನೆಗಾರರ ಮಾತಿನಲ್ಲಿ ಇದಕ್ಕೆ ಈಗಾಗಲೇ ರೂಢಿಯಲ್ಲಿರುವ ಪದವಿದೆಯೇ ಎಂಬುದನ್ನು ದಯವಿಟ್ಟು ತಿಳಿಸಬೇಕು.