ಆಡದೇ ಉಳಿದ ಭಾಷಣಗಳು: ರೋಮನ್ನರ ವಾಗ್ಮಿತೆ ಮತ್ತು ತತ್ತ್ವಚಿಂತನೆ ಇಂದಿಗೂ ಏಕೆ ಸೆಳೆಯುತ್ತವೆ?

ಪ್ರಶ್ನೆ

ಕೆಲವು ತಿಂಗಳುಗಳಿಂದ ರೋಮನ್ ವಾಗ್ಮಿ ಸಿಸೆರೊನ ಭಾಷಣಗಳನ್ನೂ ತತ್ತ್ವಚಿಂತಕ ಸೆನೆಕನ ಪತ್ರಗಳನ್ನೂ ಅನುವಾದದಲ್ಲಿ ಓದುತ್ತಿದ್ದೇನೆ. ಓದು ಮುಂದುವರಿದಂತೆ ಸಂತೋಷದ ಜೊತೆಗೆ ಒಂದು ಸಂದೇಹವೂ ಬಲಿಯುತ್ತಿದೆ. ರೋಮನ್ನರ ತತ್ತ್ವಚಿಂತನೆಯ ಬಹುಭಾಗ ಗ್ರೀಕರಿಂದ ಬಂದದ್ದು. ಇದನ್ನು ಸಿಸೆರೊನೂ ಮುಚ್ಚಿಡುವುದಿಲ್ಲ. ಭಾಷಣಗಳ ವಿಷಯಕ್ಕೆ ಬಂದರೆ, ಅತ್ಯಂತ ಪ್ರಸಿದ್ಧವಾದ ಕೆಲವನ್ನು ಆತ ಆಡಿಯೇ ಇಲ್ಲ. ಸಿಸಿಲಿಯನ್ನು ಸುಲಿಗೆ ಮಾಡಿದ ರಾಜ್ಯಪಾಲ ವೆರೆಸ್‌ನ ಮೇಲೆ ಕ್ರಿ.ಪೂ. 70ರಲ್ಲಿ ಮೊಕದ್ದಮೆ ನಡೆದಾಗ, ಮೊದಲ ವಿಚಾರಣೆಯ ಸಾಕ್ಷ್ಯಗಳಿಗೇ ಎದೆಗುಂದಿದ ಆತ ಮಸ್ಸಿಲಿಯಾಕ್ಕೆ (ಇಂದಿನ ಮಾರ್ಸೇಲ್) ಹೊರಟುಹೋದುದರಿಂದ, ಎರಡನೆಯ ವಿಚಾರಣೆಗೆಂದು ಸಿಸೆರೊ ರಚಿಸಿದ್ದ ಐದು ಭಾಷಣಗಳು ಬರವಣಿಗೆಯಲ್ಲಷ್ಟೇ ಹೊರಬಂದವು. ರಾಜಕೀಯ ಎದುರಾಳಿ ಮಾರ್ಕ್ ಆಂಟನಿಯ ವಿರುದ್ಧ ಬರೆದ, ‘ಫಿಲಿಪ್ಪಿಕ್’ ಎಂಬ ಹೆಸರಿನ ಖಂಡನಾ ಭಾಷಣಗಳಲ್ಲಿ ಎರಡನೆಯದು ಕೂಡ ಸೆನೆಟ್ಟಿನಲ್ಲಿ ಕೇಳಿಬಂದದ್ದಲ್ಲ. ಚಿಂತನೆ ಎರವಲು, ಭಾಷಣ ಬಾಯಿಗೆ ಬಾರದ್ದು. ಹಾಗಿದ್ದೂ ಇವು ಎರಡು ಸಾವಿರ ವರ್ಷ ಬಾಳಿವೆ. ಇದಕ್ಕೆ ಕಾರಣ ಯುರೋಪಿನ ಶಾಲೆಗಳ ಪಠ್ಯಕ್ರಮ ಮಾತ್ರವೇ, ಅಥವಾ ಬರಹದೊಳಗೇ ಏನಾದರೂ ಇದೆಯೇ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಶಾಲೆಗಳ ಪಾತ್ರವನ್ನು ಅಲ್ಲಗಳೆಯಲಾಗದು. ಆದರೆ ಪಠ್ಯಕ್ರಮದ ಬಲದಿಂದ ಒಂದು ಗ್ರಂಥ ಕಪಾಟಿನಲ್ಲಿ ಉಳಿದೀತೇ ಹೊರತು, ಅದನ್ನು ಓದುವವರ ಮೈ ಜುಮ್ಮೆನ್ನಿಸಲಾರದು. ನನ್ನ ಮಟ್ಟಿಗೆ ಹೇಳುವುದಾದರೆ, ಈ ಭಾಷಣಗಳ ಪ್ರತಿ ವಾಕ್ಯದ ಎದುರಿಗೂ ಒಬ್ಬ ಮನುಷ್ಯ ಕುಳಿತಿದ್ದಾನೆ. ಅವನನ್ನು ಈ ಗಳಿಗೆಯಲ್ಲೇ ಕದಲಿಸಬೇಕೆಂಬ ತುರ್ತು ಮಾತಿನ ಒಳಗೇ ಇದೆ.

ಕ್ರಿ.ಪೂ. 63ರ ನವೆಂಬರಿನಲ್ಲಿ ಜ್ಯೂಪಿಟರ್ ಸ್ಟೇಟರ್ ದೇಗುಲದಲ್ಲಿ ಸೇರಿದ್ದ ಸೆನೆಟ್ಟನ್ನು ನೆನೆಯಿರಿ. ದಂಗೆಯ ಸಂಚು ಹೂಡಿದ್ದ ಕ್ಯಾಟಿಲೀನ ಏನೂ ನಡೆದೇ ಇಲ್ಲವೆಂಬಂತೆ ಸಭೆಗೆ ಬರುತ್ತಾನೆ. ಅಷ್ಟು ಜನ ಪರಿಚಿತರಲ್ಲಿ ಒಬ್ಬನೂ ಅವನನ್ನು ಮಾತನಾಡಿಸಲಿಲ್ಲ, ಅವನು ಕುಳಿತೊಡನೆ ಅಕ್ಕಪಕ್ಕದ ಆಸನಗಳು ಬರಿದಾದವು ಎಂಬುದನ್ನು ಸಿಸೆರೊ ಅಲ್ಲೇ ಎತ್ತಿ ತೋರಿಸುತ್ತಾನೆ. ಆ ವರ್ಷ ಕನ್ಸಲ್, ಅಂದರೆ ರೋಮಿನ ಅತ್ಯುನ್ನತ ಅಧಿಕಾರಿ, ಆಗಿದ್ದ ಆತ ಪೀಠಿಕೆ ಹಾಕದೆ, ನಮ್ಮ ತಾಳ್ಮೆಯನ್ನು ಇನ್ನೆಲ್ಲಿಯವರೆಗೆ ದುರುಪಯೋಗಪಡಿಸಿಕೊಳ್ಳುವೆ ಎಂದು ನೇರವಾಗಿ ಅವನನ್ನೇ ಕೇಳಿದ್ದ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅನಂತರದ ಒಂದು ಕ್ಷಣ. ಊರು ಬಿಟ್ಟು ಹೋಗೆಂದು ತಾನು ಹೇಳುತ್ತಿದ್ದರೂ ಸಭೆ ಸುಮ್ಮನಿರುವುದನ್ನು ತೋರಿಸಿ, ಇವರು ಮೌನವಾಗಿದ್ದುಕೊಂಡೇ ಕೂಗುತ್ತಿದ್ದಾರೆ ಎನ್ನುತ್ತಾನೆ. ಲ್ಯಾಟಿನ್ನಿನಲ್ಲಿ ಇದು ಮೂರೇ ಪದ. ಮೌನಂ ಸಮ್ಮತಿಲಕ್ಷಣಂ ಎಂದು ನಾವೂ ಹೇಳುತ್ತೇವೆ. ಆದರೆ ಅಲ್ಲಿ ಆ ಮೌನ ಆರೋಪಿಯ ಕಣ್ಣೆದುರಿಗೇ ಸಾಕ್ಷಿ ನುಡಿಯುತ್ತದೆ. ಆ ರಾತ್ರಿಯೇ ಕ್ಯಾಟಿಲೀನ ರೋಮ್ ಬಿಟ್ಟ.

ಆಡದ ಭಾಷಣದಲ್ಲೂ ಈ ಗುಣ ಮಾಸಿಲ್ಲ. ವೆರೆಸ್‌ನ ವಿರುದ್ಧದ ಕೊನೆಯ ಭಾಷಣದಲ್ಲಿ ಗೇವಿಯಸ್ ಎಂಬುವನನ್ನು ಸಿಸಿಲಿಯ ಮೆಸ್ಸಾನದ ಚೌಕದಲ್ಲಿ ಕೋಲಿನಿಂದ ಬಡಿಯುವ ವರ್ಣನೆ ಬರುತ್ತದೆ. ಏಟಿನ ಸದ್ದಿನ ನಡುವೆ, ನಾನು ರೋಮನ್ ಪ್ರಜೆ ಎಂಬುದನ್ನು ಬಿಟ್ಟು ಬೇರೊಂದು ಮಾತು ಅವನಿಂದ ಕೇಳಿಬರಲಿಲ್ಲ. ಅವನನ್ನು ಏರಿಸಿದ ಶಿಲುಬೆಯನ್ನು, ಜಲಸಂಧಿಯಾಚೆಗಿನ ಇಟಲಿ ಅವನಿಗೆ ಕಾಣಿಸಲೆಂದೇ, ಕಡಲಿಗೆ ಎದುರಾಗಿ ನೆಡಿಸಲಾಗಿತ್ತು. ಇದನ್ನು ಓದುವಾಗ, ಆಡಿದ ಮಾತೋ ಆಡದ ಮಾತೋ ಎಂಬ ಪ್ರಶ್ನೆ ನನ್ನಲ್ಲಿ ಏಳಲೇ ಇಲ್ಲ. ನ್ಯಾಯಾಲಯ ಖಾಲಿಯಾಗಿತ್ತು, ನಿಜ. ಆದರೆ ತೀರ್ಪು ಕೊಡುವವರ ಜಾಗದಲ್ಲಿ ನಾವು ಕುಳಿತಿರುತ್ತೇವೆ.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸಬಯಸುತ್ತೇನೆ. ಮಾತಿನ ಸೊಬಗಿಗೆ ಮಾರುಹೋಗಿ ಅದರ ಹಿಂದಿನ ಕೃತ್ಯವನ್ನು ಮರೆಯಬಾರದು. ಕ್ರಿ.ಪೂ. 63ರ ಡಿಸೆಂಬರಿನಲ್ಲಿ ಕ್ಯಾಟಿಲೀನನ ಸಂಚುಗಾರರಲ್ಲಿ ಐವರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದವನೂ ಇದೇ ಸಿಸೆರೊ, ಕ್ರಿ.ಪೂ. 58ರಲ್ಲಿ ಆತ ದೇಶಭ್ರಷ್ಟನಾದದ್ದು ಆ ಕಾರಣಕ್ಕೆ. ವೆರೆಸ್‌ನ ಮೊಕದ್ದಮೆಯಲ್ಲಿ ಪ್ರಜೆಯ ಹಕ್ಕಿಗಾಗಿ ಅಷ್ಟು ಕಳಕಳಿಯಿಂದ ಬರೆದವನು ಏಳು ವರ್ಷಗಳ ಅನಂತರ ಹೀಗೆ ಮಾಡಿದ. ಮತ್ತೊಂದು ಸಂಗತಿ: ಕ್ರಿ.ಪೂ. 52ರಲ್ಲಿ ಕೊಲೆಯ ಆರೋಪ ಹೊತ್ತಿದ್ದ ಮೈಲೊನ ಪರವಾಗಿ ವಾದಿಸಲು ನಿಂತಾಗ ನಗರದ ಮುಖ್ಯ ಚೌಕವಾದ ಫೋರಮ್ಮಿನ ಸುತ್ತ ಸೇನಾಪತಿ ಪಾಂಪೆಯ ಸೈನಿಕರಿದ್ದರು. ಆ ದಿನ ಸಿಸೆರೊ ತಡವರಿಸಿದ, ಮೊಕದ್ದಮೆ ಸೋತ. ನಾವು ಮೆಚ್ಚಿ ಓದುವುದು ಆಮೇಲೆ ತಿದ್ದಿ ಬರೆದ ಪಾಠವನ್ನು. ಕತ್ತಿಯ ಮುಂದೆ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಗೆ ಆತನ ಬದುಕೇ ಉತ್ತರ ಕೊಟ್ಟಿತು: ಕ್ರಿ.ಪೂ. 43ರಲ್ಲಿ ಆತನ ಕತ್ತರಿಸಿದ ತಲೆಯನ್ನು ಭಾಷಣದ ವೇದಿಕೆಯ ಮೇಲೆಯೇ ಪ್ರದರ್ಶಿಸಲಾಯಿತು. ಆತನ ಬರಹವನ್ನು ಇದಷ್ಟನ್ನೂ ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಹಾಗೆ ಓದಿದಾಗ ನನಗೆ ಅದು ಇನ್ನಷ್ಟು ಹತ್ತಿರವಾಗಿದೆ.

ಮೂರನೆಯ ಉತ್ತರ

ತತ್ತ್ವಚಿಂತನೆ ಎರವಲು ಎಂಬ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಎರವಲು ತಂದದ್ದನ್ನು ತಮ್ಮ ನುಡಿಯಲ್ಲಿ ಹೇಳುವುದು ಸಣ್ಣ ಕೆಲಸವಾಗಿರಲಿಲ್ಲ. ಗ್ರೀಕ್ ಪದಗಳಿಗೆ ಸಮಾನವಾಗಿ ‘ಕ್ವಾಲಿಟಾಸ್’, ‘ಮೊರಾಲಿಸ್’ ಎಂಬ ಪದಗಳನ್ನು ಸಿಸೆರೊ ಟಂಕಿಸಿದ. ಯುರೋಪಿನ ಹಲವು ಭಾಷೆಗಳು ಗುಣವನ್ನೂ ನೀತಿಯನ್ನೂ ಕುರಿತು ಮಾತನಾಡುವುದು ಇಂದಿಗೂ ಆ ಪದಗಳಿಂದ ಬಂದ ರೂಪಗಳಲ್ಲೇ. ಅದಕ್ಕಿಂತ ಮುಖ್ಯವಾಗಿ, ಆತ ಬರೆದದ್ದು ಪಾಂಡಿತ್ಯ ಮೆರೆಯಲಿಕ್ಕಲ್ಲ. ಕ್ರಿ.ಪೂ. 45ರಲ್ಲಿ ಮಗಳು ಟುಲಿಯಾ ತೀರಿಕೊಂಡಳು. ಬೆಳಗ್ಗೆ ದಟ್ಟವಾದ ಕಾಡಿನೊಳಗೆ ಹೊಕ್ಕರೆ ಸಂಜೆಯವರೆಗೆ ಹೊರಬರುವುದಿಲ್ಲವೆಂದು ಆತ ಕಡಲತೀರದ ಅಸ್ತೂರಾದಿಂದ ಗೆಳೆಯ ಅಟಿಕಸ್‌ಗೆ ಬರೆದ. ಸಾವನ್ನೂ ದುಃಖವನ್ನೂ ಹೇಗೆ ತಾಳಿಕೊಳ್ಳಬೇಕೆಂದು ಚರ್ಚಿಸುವ ಟಸ್ಕುಲಂ ಸಂವಾದಗಳು ಹುಟ್ಟಿದ್ದು ಅದೇ ವರ್ಷ.

ಮೊದಲ ಉತ್ತರದಲ್ಲಿ ಹೇಳಿದ, ಎದುರಿಗೆ ಒಬ್ಬ ಮನುಷ್ಯ ಕುಳಿತಿರುವ ಗುಣ ಇಲ್ಲಿಯೂ ಇದೆ. ಕರ್ತವ್ಯಗಳನ್ನು ಕುರಿತ ಗ್ರಂಥವನ್ನು ಸಿಸೆರೊ ಅಥೆನ್ಸಿನಲ್ಲಿ ಓದುತ್ತಿದ್ದ ಮಗನನ್ನು ಉದ್ದೇಶಿಸಿ ಬರೆದ. ಸೆನೆಕನ 124 ಪತ್ರಗಳಿಗೆ ಗೆಳೆಯ ಲುಸಿಲಿಯಸ್ ಇದ್ದಾನೆ. ಮಾರ್ಕಸ್ ಅರೇಲಿಯಸ್ ಚಕ್ರವರ್ತಿ ಗ್ರೀಕಿನಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಯಾರಿಗೂ ಹೇಳದ ಸಿದ್ಧಾಂತ ಇಲ್ಲಿ ವಿರಳ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಗೇವಿಯಸ್‌ನ ಭಾಗವನ್ನು ಇಂದೇ ಓದುತ್ತೇನೆ. ಸೆನೆಕನ ಪತ್ರಗಳನ್ನು ಮೊದಲಿನಿಂದ ಓದುತ್ತ ಹತ್ತನೆಯದರಲ್ಲಿ ನಿಂತಿದ್ದೇನೆ. ಕ್ರಮವಾಗಿಯೇ ಓದಬೇಕೇ?

ಮೂರನೆಯ ಉತ್ತರ ಬರೆದವರು

ಬೇಕಿಲ್ಲ. ನೇರವಾಗಿ 56ನೆಯ ಪತ್ರಕ್ಕೆ ಹೋಗಿ. ಆಗ ಸೆನೆಕ ಒಂದು ಸ್ನಾನಗೃಹದ ಮೇಲೆಯೇ ತಂಗಿದ್ದ. ಸೀಸದ ಭಾರ ಬೀಸುವವರ ಏದುಸಿರು, ಮೈ ತಿಕ್ಕುವವನ ಅಂಗೈ ಬೆನ್ನಿಗೆ ಬೀಳುವ ಸದ್ದು, ಗಿರಾಕಿಗಳಿಗಾಗಿ ಕೀರಲು ದನಿಯಲ್ಲಿ ಕೂಗುವ ಕೂದಲು ಕೀಳುವವನು, ತಿಂಡಿ ಮಾರುವವರ ಬಗೆಬಗೆಯ ರಾಗ ಎಲ್ಲವನ್ನೂ ಆತ ಬಿಡದೆ ದಾಖಲಿಸುತ್ತಾನೆ. ಮನಸ್ಸು ಒಳಗೆ ಶಾಂತವಾಗಿದ್ದರೆ ಹೊರಗಿನ ಗದ್ದಲ ಬಾಧಿಸದು ಎಂದು ದೀರ್ಘವಾಗಿ ವಾದಿಸುತ್ತಾನೆ. ಪತ್ರದ ಕೊನೆಯಲ್ಲಿ ಮಾತ್ರ, ಇದು ತನ್ನನ್ನು ಪರೀಕ್ಷಿಸಿಕೊಳ್ಳಲು ಮಾಡಿದ ಅಭ್ಯಾಸವಷ್ಟೇ, ಇನ್ನು ಇಲ್ಲಿಂದ ಬೇರೆಡೆಗೆ ಹೋಗುತ್ತೇನೆ ಎಂದು ಲುಸಿಲಿಯಸ್‌ಗೆ ತಿಳಿಸುತ್ತಾನೆ.