ದೊಡ್ಡ ಸೌಟು ನನ್ನ ಹತ್ತಿರ ಇದೆ

ಎಲ್ಲರಿಗೂ ನಮಸ್ಕಾರ. ಆಡಿಯೋ ಕಳಿಸೋಣ ಅಂದುಕೊಂಡೆ, ಎರಡು ಸಲ ಶುರುವೂ ಮಾಡಿದೆ. ಕೆಳಗಿನ ಮನೆಯಲ್ಲಿ ಟೈಲ್ಸ್ ಒಡೆಯುತ್ತಿದ್ದಾರೆ, ನನ್ನ ದನಿಗಿಂತ ಅದೇ ಜಾಸ್ತಿ ಕೇಳಿಸುತ್ತಿತ್ತು. ಹಾಗಾಗಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೇಕಾದರೆ ಅಡುಗೆ ಮಾಡುತ್ತಾ ಓದಿ.

ಬಹರೈನಿನ ಗುದೈಬಿಯಾ ಬಡಾವಣೆಯ ತಂಗಿ ನಿನ್ನೆ ಈ ನಮ್ಮ ಕನ್ನಡದವರ ಮೆಸೇಜ್ ಗುಂಪಿನಲ್ಲಿ ಕೇಳಿದ್ದಳು, "ಅಕ್ಕ, 21 ವರ್ಷ ಬಹರೈನಿನಲ್ಲಿ ಇದ್ದು ಹೇಳದೆ ಕೇಳದೆ ಮುಂಬೈಗೆ ಹೊರಟುಬಿಟ್ಟಿರಲ್ಲ, ಒಂದು ಶಾಲು ಹೊದಿಸಲೂ ಬಿಡಲಿಲ್ಲ" ಅಂತ. ಅದರ ಕೆಳಗೆ ಇನ್ನೊಬ್ಬರು, ಅಕ್ಕನ ನಂಬರ್ ಗುಂಪಿನಲ್ಲಿ ಇರಲೋ ತೆಗೆಯಲೋ ಅಂತ. ಎರಡಕ್ಕೂ ಹೇಳುತ್ತೇನೆ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳಿಲ್ಲ, ಆದರೆ ಹುಡುಕುತ್ತಿದ್ದೀರಿ ಅಂತ ಗೊತ್ತು. ಅದಕ್ಕೆ ಕೊನೆಗೆ ಬರುತ್ತೇನೆ.

ಶಾಲಿನ ವಿಷಯ. ಇವರ ಕೆಲಸ ಹೋದದ್ದು ಫೆಬ್ರವರಿಯಲ್ಲಿ. ವೀಸಾ ರದ್ದಾದ ಮೇಲೆ ಕೈಯಲ್ಲಿ ಉಳಿದದ್ದು ಹನ್ನೆರಡು ದಿನ. ಅಷ್ಟರಲ್ಲಿ ಮನೆ ಖಾಲಿ ಮಾಡಬೇಕು, ಕರೆಂಟ್ ಬಿಲ್ ಮುಗಿಸಬೇಕು, ಕಾರು ಮಾರಬೇಕು, ಇವರಿಗೆ ಬರಬೇಕಾದ ಹಣಕ್ಕೆ ಆಫೀಸಿನ ಬಾಗಿಲು ಕಾಯಬೇಕು. ಆ ಹಣ ಇನ್ನೂ ಪೂರ್ತಿ ಬಂದಿಲ್ಲ, ಇರಲಿ. ಆದರೆ ಒಂದು ಸಂಜೆ ಬಿಡುವು ಮಾಡಿಕೊಳ್ಳಬಹುದಿತ್ತು, ಸುಳ್ಳು ಯಾಕೆ ಹೇಳಲಿ. ಎಷ್ಟು ಜನರ ಬೀಳ್ಕೊಡುಗೆಗೆ ನಾನು ಉಪ್ಪಿಟ್ಟು, ಕೇಸರಿಬಾತ್ ಮಾಡಿಲ್ಲ ಹೇಳಿ? ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಎಲ್ಲರೂ ಒಂದೊಂದು ಒಳ್ಳೆಯ ಮಾತು ಹೇಳುವಾಗ ಆ ಕೂತವರು ತಲೆ ತಗ್ಗಿಸಿ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಇರುತ್ತಾರೆ. ಅಡುಗೆಮನೆ ಬಾಗಿಲಿನಲ್ಲಿ ನಿಂತು ಅದನ್ನು ನೋಡಿ ನೋಡಿ ಸಾಕಾಗಿತ್ತು. ಬಡಿಸುವ ಕಡೆ ಇರುವುದು ನನಗೆ ಸುಲಭ, ಕುರ್ಚಿ ಕಡೆ ಅಲ್ಲ. ಬೇಜಾರು ಮಾಡಿಕೊಂಡವರು ಕ್ಷಮಿಸಿ.

ಇನ್ನು ನಂಬರ್. ಈ ಗುಂಪು ಹುಟ್ಟಿದ್ದು ಹರಟೆಗಲ್ಲ, ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. 2020ರ ಮೇ ತಿಂಗಳಲ್ಲಿ, ಕೊರೋನಾದಿಂದ ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಊರಿಗೆ ಕರೆತರುವ ವಂದೇ ಭಾರತ್ ವಿಮಾನ ಶುರುವಾದಾಗ ಬಹರೈನಿನಿಂದ ಮೊದಲನೆಯದು ಹೋದದ್ದು ಕೊಚ್ಚಿಗೆ. ನಮ್ಮವರಲ್ಲಿ ಬಸುರಿಯರು ಯಾರು, ಕೆಲಸ ಹೋದವರು ಯಾರು, ಮಾತ್ರೆ ಮುಗಿದವರು ಯಾರು ಅಂತ ಪಟ್ಟಿ ಮಾಡುತ್ತಾ ರಾತ್ರಿ ಎರಡು ಗಂಟೆವರೆಗೆ ಕೂತಿದ್ದೆವು. ಆಗ ಮಾಡಿಕೊಂಡದ್ದು ಈ ಗುಂಪು. ದ್ವೀಪದಲ್ಲಿ ಇರುವವರು ಮಾತ್ರ ಇರಬೇಕು, ಬಿಟ್ಟು ಹೋದವರನ್ನು ಮೂರು ತಿಂಗಳಲ್ಲಿ ತೆಗೆಯಬೇಕು ಅಂತ ನಿಯಮ ಹಾಕಿದ್ದು ಯಾರು? ನಾನೇ. ನಡುರಾತ್ರಿ ಯಾರಿಗೋ ರಕ್ತ ಬೇಕು ಅಂತ ಮೆಸೇಜ್ ಬಂದಾಗ, ಮುಂಬೈ ಹತ್ತಿರದ ಈ ಡೊಂಬಿವಲಿಯಿಂದ ನಾನು ಕೈಮುಗಿಯುವ ಚಿತ್ರ ಹಾಕಿದರೆ ಏನು ಪ್ರಯೋಜನ? ಹತ್ತು ಕೈಮುಗಿಯುವ ಚಿತ್ರಗಳ ನಡುವೆ "ನಾನು ಬರುತ್ತೇನೆ" ಅನ್ನುವ ಒಂದು ಮಾತು ಕಳೆದುಹೋಗುತ್ತದೆ. ಆದ್ದರಿಂದ ತೆಗೆಯಿರಿ. ನನಗೆ ಅಂತ ಬೇರೆ ನಿಯಮ ಬೇಡ.

ತೆಗೆಯುವ ಮೊದಲು ಒಂದು ವಿಷಯ ಬರೆದಿಟ್ಟುಕೊಳ್ಳಿ. ಯಾರಾದರೂ ತೀರಿಕೊಂಡರೆ ಕಾಗದಪತ್ರದ ಓಡಾಟ ಇವರೇ ಮಾಡುತ್ತಿದ್ದರು, ಈಗ ಇಬ್ಬರಾದರೂ ಕಲಿಯಬೇಕು. ಆಸ್ಪತ್ರೆಯ ಮರಣ ಪತ್ರ ಬೇಕು. ಊರಿನ ಮನೆಯವರ ಒಪ್ಪಿಗೆ ಪತ್ರ ಬೇಕು, ಇದಕ್ಕೇ ಜಾಸ್ತಿ ಹೊತ್ತು ಹಿಡಿಯುವುದು, ಯಾಕೆಂದರೆ ಆ ಹೊತ್ತಿಗೆ ಅಲ್ಲಿ ಯಾರೂ ಪೆನ್ನು ಹಿಡಿಯುವ ಸ್ಥಿತಿಯಲ್ಲಿ ಇರುವುದಿಲ್ಲ. ಹಾಗಾಗಿ ಪಕ್ಕದ ಮನೆಯವರಿಗೋ ಪಂಚಾಯಿತಿ ಸದಸ್ಯರಿಗೋ ಫೋನ್ ಮಾಡಿ ಬರೆಸಿ. ಎಂಬಸಿಯಲ್ಲಿ ಪಾಸ್‌ಪೋರ್ಟ್ ರದ್ದು ಮಾಡಿಸಿ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ತೆಗೆದುಕೊಳ್ಳಬೇಕು. ದೇಹ ಕೆಡದಂತೆ ಮಾಡಿಸಿ ಅದರ ಸರ್ಟಿಫಿಕೇಟು, ಆಮೇಲೆ ವಿಮಾನದ ಕಾರ್ಗೋ. ಖರ್ಚಿಗೆ ಕೆಲಸ ಕೊಟ್ಟವರು ಕೈಯೆತ್ತಿದರೆ ಚಂದಾ ಎತ್ತಲು ಓಡಬೇಡಿ. ಎಂಬಸಿಯಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ 2009ರಿಂದ ಇದೆ, ಇಂಥ ಕಷ್ಟಕ್ಕೆಂದೇ ಇರುವ ದುಡ್ಡು. ನಾವಾಗಿ ಅರ್ಜಿ ಕೊಟ್ಟು ಕೇಳಬೇಕು, ಅಷ್ಟೇ. ಗುರುವಾರ ಮಧ್ಯಾಹ್ನದೊಳಗೆ ಎಂಬಸಿ ಕೆಲಸ ಮುಗಿಸಲು ನೋಡಿ, ಇಲ್ಲದಿದ್ದರೆ ಶುಕ್ರವಾರ, ಶನಿವಾರ ಸುಮ್ನೆ ಕೂರಬೇಕಾಗುತ್ತದೆ.

ಶುಕ್ರವಾರ ಅಂದಾಗ ನೆನಪಾಯಿತು. ನಾನು ಬಹರೈನಿಗೆ ಬಂದ ಹೊಸದರಲ್ಲಿ ಅಲ್ಲಿ ವಾರದ ರಜೆ ಗುರುವಾರ, ಶುಕ್ರವಾರ ಇತ್ತು, 2006ರಲ್ಲಿ ಶುಕ್ರವಾರ, ಶನಿವಾರ ಆಯಿತು. ರಜೆ ಬದಲಾದರೂ ನಮ್ಮ ಹಬ್ಬ ಶುಕ್ರವಾರವೇ. ಪಂಚಾಂಗದಲ್ಲಿ ಚೌತಿ ಯಾವತ್ತೇ ಬರಲಿ, ನಮ್ಮ ಪಾಯಸ ಶುಕ್ರವಾರ. ಮುಂಬೈಗೆ ಬಂದ ಮೊದಲ ಗುರುವಾರ ರಾತ್ರಿ ಅದೇ ಅಭ್ಯಾಸದಲ್ಲಿ ಇಡ್ಲಿಗೆ ನೆನೆಹಾಕಲು ಹೋಗಿ ಎಂಟು ಪಾವು ಅಕ್ಕಿ ಅಳೆದುಬಿಟ್ಟಿದ್ದೆ. ಇರುವುದು ನಾವಿಬ್ಬರು! ಇವರು ಬಾಗಿಲಲ್ಲಿ ನಿಂತು ನೋಡಿದರು, ಏನೂ ಹೇಳಲಿಲ್ಲ. ನಾಲ್ಕು ಮನೆಗೆ ಹಿಟ್ಟು ಹಂಚಿದೆ, ಹಾಗೆ ಪರಿಚಯವೂ ಆಯಿತು ಅನ್ನಿ.

ಬೆಳಿಗ್ಗೆ ವಾಚ್‌ಮನ್ ಹತ್ತಿರ "ಕೋಲ್ಡ್ ಸ್ಟೋರ್ ಎಲ್ಲಿ" ಅಂತ ಕೇಳಿದ್ದಕ್ಕೆ ಅವನು ಫ್ರಿಜ್ ರಿಪೇರಿ ಅಂಗಡಿ ತೋರಿಸಿದ. ಕಿರಾಣಿ ಅಂಗಡಿಗೆ ಆ ಹೆಸರು ಬಹರೈನಿನ ರೂಢಿ, ಇಲ್ಲಿನದಲ್ಲ ಅಂತ ಆಗ ಹೊಳೆಯಿತು.

ಇಲ್ಲಿ ಕನ್ನಡದವರಿಗೆ ಬರ ಇಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ನೂರು ವರ್ಷದ ಲೆಕ್ಕ. ಮಾಹಿಮಿನಲ್ಲಿ ಕರ್ನಾಟಕ ಸಂಘ ಇದೆ. ಬಾಳೆಎಲೆ, ಮಂಗಳೂರು ಸೌತೆ, ಕೆಸುವಿನ ಎಲೆ ಬೇಕಾದರೆ ಲೋಕಲ್ ಹತ್ತಿ ದಾದರ್‌ನಲ್ಲಿ ಬದಲಿಸಿ ಮಾಟುಂಗಾದಲ್ಲಿ ಇಳಿದರೆ ಆಯಿತು. ಆ ಸ್ಟೇಷನ್ನನ್ನು 2017ರಿಂದ ಹೆಂಗಸರೇ ನಡೆಸುತ್ತಾರೆ, ನಮ್ಮ ಶುಕ್ರವಾರದ ಅಡುಗೆಮನೆ ಹಾಗೆ. ಎಲ್ಲವೂ ಇದೆ. ಆದರೆ ಇಲ್ಲಿ ನಾನು ಒಂದು ಕಾರ್ಯಕ್ರಮಕ್ಕೆ ಹೋಗದಿದ್ದರೆ ಅನ್ನ ಬೇಯುವುದು ನಿಲ್ಲುವುದಿಲ್ಲ, ಕೇಟರಿಂಗಿನವರು ಬಂದು ಬಡಿಸಿ ಹೋಗುತ್ತಾರೆ. ಆರಾಮ. ಅಷ್ಟು ಆರಾಮ ನನಗೆ ಇನ್ನೂ ಒಗ್ಗಿಲ್ಲ.

ಸರಿ, ಸೌಟು. ಕಾರ್ಗೋ ಪೆಟ್ಟಿಗೆ ನಲವತ್ತು ದಿನಕ್ಕೆ ಬಂತು. ಕಂಬಳಿ ಬಿಚ್ಚಿದರೆ ನಡುವೆ ಮಲಗಿದೆ, ನಮ್ಮ ಕೊಪ್ಪರಿಗೆಯ ಉದ್ದ ಸೌಟು! ಪ್ಯಾಕಿಂಗ್ ಹುಡುಗರು ಮನೆಯದೇ ಅಂದುಕೊಂಡಿರಬೇಕು, ತೊಳೆದು ತರಲೆಂದು ನಾನೇ ಮನೆಗೆ ಒಯ್ದಿದ್ದೆ. ಹಿಡಿಯ ಮೇಲೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ "ಬಹರೈನ್ 2008" ಅಂತ ಹಾಗೇ ಇದೆ. ಹೊಸಬರಿಗೆ ಹೇಳುತ್ತೇನೆ, ಅದು ಇಲ್ಲಿಂದಲೇ ಹೋದದ್ದು. ಆ ವರ್ಷ ರಜೆಗೆ ಬಂದಾಗ ಮಾಟುಂಗಾದ ಪಾತ್ರೆ ಅಂಗಡಿಯಲ್ಲಿ ಕೊಂಡು, ಅಲ್ಲೇ ನಿಂತು ಹೆಸರು ಹೊಡೆಸಿ ಒಯ್ದಿದ್ದೆ. ಮುಂಬೈ ಅಂತ ಬರೆಯುತ್ತಿದ್ದವನ ಕೈ ಹಿಡಿದು ನಿಲ್ಲಿಸಿದ್ದು ಇನ್ನೂ ನೆನಪಿದೆ.

ನನ್ನ ನಾದಿನಿಯ ಮಗ ಚೌತಿಗೆ ಒಂದು ವಾರ ಮೊದಲು ಅಲ್ಲಿಗೆ ಹೊರಡುತ್ತಾನೆ, ಅವನ ಕೈಲಿ ಕಳಿಸುತ್ತೇನೆ. ದೊಡ್ಡ ಬ್ಯಾಗಿನಲ್ಲೇ ಹಾಕು, ಕೈಚೀಲದಲ್ಲಿ ಬೇಡ, ಸೆಕ್ಯುರಿಟಿಯವರು ಹಿಡಿಯುತ್ತಾರೆ ಅಂತ ಹೇಳಿದ್ದೇನೆ. ಮುಹರ್ರಕ್‌ನ ಅಣ್ಣ, ಪಾತ್ರೆಗಳ ಸ್ಟೋರಿನ ಕೀ ನಿಮ್ಮ ಹತ್ತಿರವೇ ಇದೆ ಅಲ್ವಾ? ನೀವೇ ಅವನಿಂದ ತೆಗೆದುಕೊಳ್ಳಿ. ಹಿಡಿ ಸ್ವಲ್ಪ ಅಲ್ಲಾಡುತ್ತಿತ್ತು, ಮೊನ್ನೆ ಮಳೆ ಬಿಟ್ಟಾಗ ಇಲ್ಲಿ ಹೊಸ ರಿವೆಟ್ ಹೊಡೆಸಿದ್ದೇನೆ. ಸೌಟು ಕೈಗೆ ಸಿಕ್ಕಿದೆ ಅಂತ ಒಂದು ಫೋಟೋ ಹಾಕಿ, ಆಮೇಲೆ ನನ್ನನ್ನು ಗುಂಪಿನಿಂದ ತೆಗೆಯಿರಿ.